ಗಾಮಾ ಪೈಲ್ವಾನರ ದೇಹಸಾಧನೆ

ದೇಹಬಲವು ಹುಟ್ಟಿನಿಂದಲೇ ಬರುವ ವರವೆಂದು ಭಾವಿಸುವವರು ಅನೇಕರು. ಎತ್ತರದ ಆಳನ್ನು ಕಂಡೊಡನೆ ಇವನೇ ಜಟ್ಟಿಯೆಂದು ಬಗೆಯುವುದೂ ಲೋಕರೂಢಿ. ಈ ಎರಡು ಎಣಿಕೆಗಳನ್ನೂ ತಮ್ಮ ಬಾಳಿನಿಂದ ಸುಳ್ಳಾಗಿಸಿದವರು ಗಾಮಾ ಪೈಲ್ವಾನರು. ಅವರ ಎತ್ತರ ಐದೂವರೆ ಅಡಿಗಿಂತ ತುಸುವೇ ಹೆಚ್ಚು. ಪ್ರಾಯದಲ್ಲಿ ಅವರ ತೂಕ ಸುಮಾರು 90 ಕಿಲೋಗ್ರಾಂ. ಆ ತೂಕವು ಹೇಗೆ ಕೂಡಿಬಂದಿತೆಂಬುದೇ ಅವರ ಚರಿತ್ರೆಯ ತಿರುಳು.

ಗುಲಾಮ್ ಮಹಮ್ಮದ್ ಎಂಬುದು ಹಿರಿಯರಿಟ್ಟ ಹೆಸರು. 1878ರಲ್ಲಿ ಕಾಶ್ಮೀರ ಮೂಲದ ಮಲ್ಲರ ಮನೆತನದಲ್ಲಿ ಜನಿಸಿದ ಅವರಿಗೆ ಆರರ ಪ್ರಾಯದಲ್ಲಿಯೇ ಪಿತೃವಿಯೋಗವಾಯಿತು. ತಾತ ನೂನ್ ಪೈಲ್ವಾನರೂ, ಅವರ ತರುವಾಯ ಸೋದರಮಾವ ಈದಾ ಪೈಲ್ವಾನರೂ ಅನಾಥ ಬಾಲಕನ ಹೊಣೆ ಹೊತ್ತರು. ಮೊದಲು ದೇಹ, ಆಮೇಲೆ ಪಟ್ಟು ಎಂಬುದು ಗರಡಿಯ ಕ್ರಮ. ಅದರಂತೆ ಬಾಲಕನಿಗೆ ದಂಡ, ಬಸ್ಕಿ, ಗರಡಿಯ ಮಣ್ಣನ್ನು ಅಗೆಯುವ ಕೆಲಸ ನಿತ್ಯನೇಮಗಳಾದವು. ಎದೆತೋಳುಗಳು ದಂಡದಿಂದ, ತೊಡೆಗಳು ಬಸ್ಕಿಯಿಂದ, ಬೆನ್ನು ಸನಿಕೆಯ ದುಡಿಮೆಯಿಂದ ಬಲಿತವು. ಹಾಲು, ಬಾದಾಮಿ, ಹಣ್ಣಿನ ರಸಗಳೇ ಆಗಿನ ಖುರಾಕು. ಭಾರವಾದ ಆಹಾರವು ಪ್ರಾಯ ಬಂದ ಮೇಲೆ ಸೇರಿತು. ಅರಗುವಷ್ಟು ಉಣಿಸಿ, ಉಂಡಷ್ಟು ದುಡಿಸುವುದೇ ಆ ಪೋಷಣೆಯ ಗುಟ್ಟು.

1888ರಲ್ಲಿ ಜೋಧಪುರದ ಮಹಾರಾಜರು ಅಂಗಸಾಧನೆಯ ಸ್ಪರ್ಧೆಯನ್ನು ಏರ್ಪಡಿಸಿದರು. ನಾನೂರಕ್ಕೂ ಮಿಕ್ಕ ಜಟ್ಟಿಗಳು ಬಸ್ಕಿ ಹೊಡೆಯುತ್ತ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಉಳಿದ ಹದಿನೈದು ಮಂದಿಯಲ್ಲಿ ಹತ್ತು ವರ್ಷದ ಗಾಮಾ ಒಬ್ಬರು! ಅವರ ಎಳೆಯ ವಯಸ್ಸನ್ನು ಮನ್ನಿಸಿ ಮಹಾರಾಜರು ಅವರನ್ನೇ ವಿಜೇತರೆಂದು ಸಾರಿದರು. ಮುಂದೆ ದತಿಯಾ ಸಂಸ್ಥಾನದ ಆಶ್ರಯ ಲಭಿಸಿತು.

ಪ್ರೌಢರಾದ ಮೇಲೆ ಅವರು ದಿನಕ್ಕೆ ಮೂರು ಸಾವಿರ ದಂಡ, ಐದು ಸಾವಿರ ಬಸ್ಕಿ ಹೊಡೆಯುತ್ತಿದ್ದರೆಂದೂ, ನಲವತ್ತು ಮಂದಿ ಸಂಗಾತಿಗಳೊಡನೆ ಸೆಣಸುತ್ತಿದ್ದರೆಂದೂ ಪ್ರತೀತಿಯಿದೆ. ಅವರು ಕೊರಳಿಗೆ ಧರಿಸಿ ಬಸ್ಕಿ ಹೊಡೆಯುತ್ತಿದ್ದರೆಂದು ಹೇಳಲಾಗುವ 95 ಕಿಲೋಗ್ರಾಂ ತೂಕದ ಬಳೆಯೊಂದು ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆಯಲ್ಲಿದೆ. ಇಂತಹ ಸಾಧನೆಯು ವರ್ಷಾನುವರ್ಷ ಮೆಟ್ಟಿಲುಮೆಟ್ಟಿಲಾಗಿ ಏರಿದುದರ ಫಲವೆಂಬುದನ್ನು ಕಿರಿಯರು ಮರೆಯಬಾರದು.

1910ರಲ್ಲಿ ಅವರು ಲಂಡನ್ನಿಗೆ ಹೋದರು. ಗಿಡ್ಡ ಆಳೆಂದು ಅಲ್ಲಿನ ಪಂದ್ಯಾವಳಿಯಲ್ಲಿ ಪ್ರವೇಶ ದೊರೆಯಲಿಲ್ಲ. ಗಾಮಾ ಬಹಿರಂಗವಾಗಿ ಸವಾಲೆಸೆದು, ಅಮೆರಿಕದ ರೋಲರನನ್ನು ಕೆಡವಿ ಅಧಿಕಾರ ಸಂಪಾದಿಸಿದರು. ಸೆಪ್ಟೆಂಬರ್ 10ರಂದು, ತಮಗಿಂತ ಬಹಳ ತೂಕದವನಾದ ಪೋಲೆಂಡಿನ ಜಿಬಿಸ್ಕೊ ಎದುರಾದನು. ಎರಡೂವರೆ ಗಂಟೆಗೂ ಮೀರಿದ ಆ ಕುಸ್ತಿಯ ಬಹುಭಾಗದಲ್ಲಿ ಜಿಬಿಸ್ಕೊ ನೆಲಕಚ್ಚಿ ಬಿದ್ದುಕೊಂಡೇ ತನ್ನನ್ನು ಕಾಪಾಡಿಕೊಂಡನು. ಮರುಪಂದ್ಯಕ್ಕೆ ಗೊತ್ತಾದ 17ರಂದು ಅವನು ಕಣಕ್ಕೆ ಬರಲೇ ಇಲ್ಲ. ವಿಜಯದ ಪಟ್ಟಿಯು ಗಾಮಾರ ಪಾಲಾಯಿತು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಸಂಧಿಸಿದಾಗ ಒಂದು ನಿಮಿಷದೊಳಗೇ ಜಿಬಿಸ್ಕೊ ಮಣ್ಣುಮುಕ್ಕಿದನು. ಗಾಮಾರಿಗೆ ಆಗ ಐವತ್ತರ ಹತ್ತಿರದ ಪ್ರಾಯ. ದುಡಿಮೆಯಿಂದ ಬಂದ ತೂಕವು ಹೊರೆಯಾಗದೆ ಆಯುಧವಾಗುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ಅಂತಹ ದೇಹದ ಹಿಂದೆ ಅನ್ಯರ ಅನ್ನವೂ ಇದ್ದಿತು. ಸಂಸ್ಥಾನಗಳು ನೀಡುತ್ತಿದ್ದ ಹಾಲು ಬಾದಾಮಿಗಳಿಲ್ಲದೆ ಬಡಮನೆಯ ಬಾಲಕನು ಜಗಜಟ್ಟಿಯಾಗುವುದು ಸಾಧ್ಯವಿರಲಿಲ್ಲ. 1947ರ ದೇಶವಿಭಜನೆಯ ಬಳಿಕ ಗಾಮಾ ಲಾಹೋರಿನಲ್ಲಿ ನೆಲೆಸಿದರು. ರಾಜಾಶ್ರಯ ತಪ್ಪಿತು; ಬಡತನವೂ ರೋಗವೂ ಜೊತೆಗೂಡಿ ದೇಹವನ್ನು ಸವೆಸಿದವು. ಅವರ ಸಂಕಟವನ್ನರಿತ ಭಾರತದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರು ಗಡಿಯಾಚೆಗೆ ತಿಂಗಳಿಗೆ 300 ರೂಪಾಯಿಗಳ ಮಾಸಾಶನವನ್ನು ನೀಡಿದರು. 1960ರ ಮೇ 23ರಂದು ಗಾಮಾ ಕಣ್ಮುಚ್ಚಿದರು.

ಬೆವರು ಅವರದು, ಅನ್ನ ಹಲವರದು, ಎಳೆತನದಲ್ಲಿ ಕೈಹಿಡಿದು ನಡೆಸಿದ ಗುರು ಸೋದರಮಾವ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಜೋಧಪುರದ ಆ ಬಾಲಕನ ಹೆಸರನ್ನು ಇಂದು ನಾವು ಕೇಳುತ್ತಿರಲಿಲ್ಲ. ಮಕ್ಕಳ ಏಳಿಗೆಯನ್ನು ಬಯಸುವ ಗುರುಗಳೂ ದಾನಿಗಳೂ ನೆನೆಯಬೇಕಾದ ಮಾತಿದು.