ವಾಲ್ಡೆಮಾರ್ ಹಾಫ್‌ಕಿನ್

ವಾಲ್ಡೆಮಾರ್ ಹಾಫ್‌ಕಿನ್ (15 ಮಾರ್ಚ್ 1860 – 26 ಅಕ್ಟೋಬರ್ 1930) ಕಾಲರಾ ಹಾಗೂ ಪ್ಲೇಗ್ ರೋಗಗಳನ್ನು ತಡೆಯುವ ಲಸಿಕೆಗಳನ್ನು ರೂಪಿಸಿದ ಸೂಕ್ಷ್ಮಜೀವಿ ವಿಜ್ಞಾನಿ. ಅವರ ಪ್ಲೇಗ್ ಲಸಿಕೆಯನ್ನು ಆರಂಭದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಬಳಸಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು.

ಆರಂಭಿಕ ಜೀವನ

ಹಾಫ್‌ಕಿನ್ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕೋವ್ ಅವರ ಶಿಷ್ಯರಾಗಿದ್ದರು. 1889ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿದರು. 1892ರ ಜುಲೈನಲ್ಲಿ ತಾವು ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು.

ಪ್ಲೇಗ್ ಲಸಿಕೆ

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರ್ಕಾರವು ಹಾಫ್‌ಕಿನ್ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರು ಪ್ಲೇಗ್ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಶಾಖದಿಂದ ಕೊಂದು ಲಸಿಕೆ ತಯಾರಿಸಿದರು. ಅದು ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸಲಾಗುತ್ತಿತ್ತು. 1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ಸ್ವತಃ ಪಡೆದರು.

ಹುಬ್ಬಳ್ಳಿಯಲ್ಲಿ ಬಳಕೆ

ಹುಬ್ಬಳ್ಳಿಯು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ, ಹತ್ತಿಯ ವ್ಯಾಪಾರಕ್ಕೂ ರೈಲ್ವೆಗೂ ಹೆಸರಾದ ಪಟ್ಟಣವಾಗಿತ್ತು. 1898ರಲ್ಲಿ ಪ್ಲೇಗ್ ಅಲ್ಲಿ ಹಬ್ಬಿದಾಗ ಹತ್ತಾರು ಸಾವಿರ ಜನರಿಗೆ ಲಸಿಕೆ ಹಾಕಲಾಯಿತು. ಲಸಿಕೆ ಪಡೆದವರ ಮತ್ತು ಪಡೆಯದವರ ಸಾವಿನ ಪ್ರಮಾಣವನ್ನು ಹೋಲಿಸಲಾಯಿತು. ಭಾರತದ ಪ್ಲೇಗ್ ಆಯೋಗವು, ಲಸಿಕೆಯು ಪೂರ್ಣ ರಕ್ಷಣೆ ನೀಡದಿದ್ದರೂ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ ಎಂಬ ತೀರ್ಮಾನಕ್ಕೆ ಬಂದಿತು.

ಮುಲ್ಕೋವಾಲ್ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ನೀಡಲಾಯಿತು. ಒಂದೇ ಸೀಸೆಯಿಂದ ಲಸಿಕೆ ಪಡೆದಿದ್ದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿದ್ದು, ಗಾಯದ ಮೂಲಕ ದೇಹವನ್ನು ಸೇರುತ್ತವೆ. ಸೂಜಿ ಚುಚ್ಚಿದ ಗಾಯವೂ ಅದಕ್ಕೆ ಸಾಕು. ಆ ವೇಳೆಗೆ ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು, ಕೇವಲ ಶಾಖದಿಂದ ಶುದ್ಧೀಕರಿಸುವ ವಿಧಾನವನ್ನು ಅನುಸರಿಸುತ್ತಿದ್ದರು. ಆದ್ದರಿಂದ ವಿಚಾರಣಾ ಸಮಿತಿಯು ಅವರ ಪ್ರಯೋಗಾಲಯವನ್ನೇ ಹೊಣೆ ಮಾಡಿತು. ಅವರು ಹುದ್ದೆ ಕಳೆದುಕೊಂಡು ಭಾರತವನ್ನು ಬಿಟ್ಟರು.

ಸಾಕ್ಷ್ಯಗಳನ್ನು ಮರುಪರಿಶೀಲಿಸಿದಾಗ ಬೇರೆಯದೇ ಚಿತ್ರ ಮೂಡಿತು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧೀಕರಿಸದೆ ಮತ್ತೆ ಬಳಸಲಾಗಿತ್ತು. ಪ್ರಯೋಗಾಲಯದಲ್ಲೇ ರೋಗಾಣು ಸೇರಿದ್ದರೆ ಲಸಿಕೆಯಲ್ಲಿ ದುರ್ವಾಸನೆ ಇರಬೇಕಿತ್ತು. ಆದರೆ ತೆರೆದಾಗ ಅಂತಹ ವಾಸನೆ ಕಂಡುಬಂದಿರಲಿಲ್ಲ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ದನಿಯೆತ್ತಿದರು. ಅದೇ ವರ್ಷ ಅವರು ಆರೋಪದಿಂದ ಮುಕ್ತರಾದರು.

ಕೊನೆಯ ವರ್ಷಗಳು

ಹಾಫ್‌ಕಿನ್ ಮರಳಿ ಬಂದು ಕಲ್ಕತ್ತೆಯಲ್ಲಿ ಕೆಲಸ ಮಾಡಿ, ನಿವೃತ್ತಿಯ ನಂತರ ಯುರೋಪಿಗೆ ತೆರಳಿದರು. ಮುಂಬಯಿಯ ಪರೇಲ್‌ನಲ್ಲಿದ್ದ ಅವರ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಅವರು ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದಲ್ಲಿ ನಿಧನರಾದರು.