ಮೇಡಂ ಸಿ. ಜೆ. ವಾಕರ್

ಸಾರಾ ಬ್ರೀಡ್‌ಲವ್ (1867–1919) ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ದಂಪತಿಗಳ ಮಗಳು. ಏಳನೆಯ ವಯಸ್ಸಿನಲ್ಲಿ ತಬ್ಬಲಿ, ಇಪ್ಪತ್ತರಲ್ಲಿ ವಿಧವೆ. ಬಟ್ಟೆ ಒಗೆದು ಮಗಳನ್ನು ಸಾಕುತ್ತಿದ್ದಾಗ ಅವರ ತಲೆಗೂದಲು ಉದುರತೊಡಗಿತು. ಕಪ್ಪು ಜನರ ಗುಂಗುರುಗೂದಲನ್ನೇ ಬಿಳಿಯರು ಹೀಯಾಳಿಸುತ್ತಿದ್ದ ಕಾಲವದು. ಕೂದಲು ಕಳೆದುಕೊಂಡವಳ ಸಂಕಟವನ್ನು ಹೇಳಬೇಕೆ!

1906ರಲ್ಲಿ ಮರುವಿವಾಹವಾಗಿ, ಪತಿಯ ಹೆಸರಿನಿಂದ ಮೇಡಂ ವಾಕರ್ ಎನಿಸಿಕೊಂಡು ಅವರು ನೆತ್ತಿಯ ಲೇಪನವನ್ನು ಮಾರಿದರು. ಅದನ್ನು ಮಾರುತ್ತ ಸಾವಿರಾರು ಕಪ್ಪು ಮಹಿಳೆಯರು ಸ್ವಂತ ಸಂಪಾದನೆ ಕಂಡರು. ಬಿಳಿಯರ ನೇರಗೂದಲನ್ನು ಅನುಕರಿಸಲು ಕಲಿಸುವರೆಂದು ಸ್ವಜನರೇ ದೂರಿದರು. ನೆತ್ತಿಯ ಆರೋಗ್ಯವೇ ತಮ್ಮ ಗುರಿಯೆಂದು ಅವರು ವಾದಿಸಿದರು. ಆದರೂ ಅವರ ಪದ್ಧತಿಯಲ್ಲಿ ಕಾಯಿಸಿದ ಬಾಚಣಿಗೆಯೂ ಇದ್ದುದು ನಿಜ.

1912ರಲ್ಲಿ ಚಿಕಾಗೊದಲ್ಲಿ ನಡೆದ ಕಪ್ಪು ವರ್ತಕರ ಸಮಾವೇಶದಲ್ಲಿ, ಇಂಥ ವ್ಯಾಪಾರವನ್ನು ಮೆಚ್ಚದ ನಾಯಕ ಬುಕರ್ ವಾಷಿಂಗ್ಟನ್ ಅವರಿಗೆ ಮಾತಿಗೆ ಅವಕಾಶವೀಯಲಿಲ್ಲ. ವಾಕರ್ ಸಭೆಯ ನಡುವೆ ಎದ್ದುನಿಂತು, ಹತ್ತಿಹೊಲದಿಂದ ಕಾರ್ಖಾನೆಯವರೆಗೆ ತಾವು ನಡೆದು ಬಂದ ದಾರಿಯನ್ನು ಹೇಳಿಯೇಬಿಟ್ಟರು. ಮರುವರ್ಷದ ಸಮಾವೇಶಕ್ಕೆ ಅವರು ಆಹ್ವಾನಿತ ಭಾಷಣಕಾರರಾಗಿ ಬಂದರು.