ಸತ್ಸಂಗವೂ ಸಂಕಲ್ಪಸಿದ್ಧಿಯೂ : ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಚರಿತ್ರೆ

॥ ಶ್ರೀಗುರುಬಸವಲಿಂಗಾಯ ನಮಃ ॥

ಮನುಷ್ಯನ ಮನಸ್ಸಿನಲ್ಲಿ ಸತ್ಸಂಕಲ್ಪವು ಹುಟ್ಟುವುದು ದುರ್ಲಭವಲ್ಲ. ಹುಟ್ಟಿದ ಸಂಕಲ್ಪವು ಕಡೆಯವರೆಗೆ ನಿಲ್ಲುವುದೇ ದುರ್ಲಭವು. ಶಿವರಾತ್ರಿಯ ಜಾಗರಣೆಯಲ್ಲಿ, ಪುರಾಣದ ಮಂಗಲದ ದಿನದಲ್ಲಿ, ಗುರುಗಳ ಪಾದಸನ್ನಿಧಿಯಲ್ಲಿ ನಾವೆಲ್ಲರೂ ಎಷ್ಟೋ ನೇಮಗಳನ್ನು ಹಿಡಿಯುತ್ತೇವೆ. ಮನೆಗೆ ಮರಳಿ ನಾಲ್ಕು ದಿವಸಗಳಾಗುವಷ್ಟರಲ್ಲಿ ಅವು ಸಡಿಲಾಗುತ್ತವೆ. ಇದಕ್ಕೆ ನಮ್ಮ ಮನಸ್ಸಿನ ದೌರ್ಬಲ್ಯವೊಂದೇ ಕಾರಣವೆಂದು ಹೇಳಿಕೊಳ್ಳುವುದು ರೂಢಿಯಾಗಿದೆ. ಆದರೆ ಶಿವಶರಣರು ಸಂಗಕ್ಕೆ ಕೊಟ್ಟ ಮಹತ್ತ್ವವನ್ನು ಆಲೋಚಿಸಿದರೆ, ಮನಸ್ಸಿನ ಬಲಾಬಲಗಳು ಬಹುಮಟ್ಟಿಗೆ ನಾವು ಯಾರ ನಡುವೆ ಬಾಳುತ್ತೇವೆಂಬುದನ್ನು ಅವಲಂಬಿಸಿವೆಯೆಂದು ತಿಳಿದುಬರುವುದು. ಕಲ್ಯಾಣದ ಶರಣರು ಒಬ್ಬೊಬ್ಬರೇ ಗುಹೆಗಳಲ್ಲಿ ಕುಳಿತು ಸಾಧಿಸಲಿಲ್ಲ. ಒಂದೆಡೆಯಲ್ಲಿ ಕೂಡಿ, ಒಬ್ಬರ ನಡೆಯನ್ನು ಇನ್ನೊಬ್ಬರು ಒರೆಹಚ್ಚಿ, ಬೀಳುವವರನ್ನು ಎತ್ತಿ ನಿಲ್ಲಿಸಿ ಸಾಧಿಸಿದರು. ಈ ಮಾತಿಗೆ ಅರ್ವಾಚೀನ ಕಾಲದ ನಿದರ್ಶನವಾಗಿ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆಯನ್ನು ಭಕ್ತರ ಮುಂದೆ ಇಡುವೆವು.

ಹಳಕಟ್ಟಿಯವರನ್ನು ಕೊಂಡಾಡುವವರು ಸಾಮಾನ್ಯವಾಗಿ ಅವರನ್ನು ಏಕಾಂಗವೀರರೆಂದು ವರ್ಣಿಸುವರು. ಅವರ ತ್ಯಾಗವನ್ನು ನೋಡಿದರೆ ಆ ವರ್ಣನೆಯು ಸಲ್ಲತಕ್ಕದ್ದೇ ಸರಿ. ಆದರೂ ಅವರ ಜೀವನವನ್ನು ಮೊದಲಿನಿಂದ ಕಡೆಯವರೆಗೆ ನೋಡಿದಲ್ಲಿ, ಪ್ರತಿಯೊಂದು ತಿರುವಿನಲ್ಲಿಯೂ ಯಾರೋ ಒಬ್ಬರು ಅವರ ಪಕ್ಕದಲ್ಲಿ ನಿಂತಿರುವುದು ಕಾಣುವುದು.

ಇವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು; ಅಷ್ಟೇ ಅಲ್ಲ, ಪರದೇಶಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಗ್ರಂಥಕರ್ತರು. ಮರಾಠಿಯು ಕಚೇರಿ ಶಾಲೆಗಳಲ್ಲಿ ಮೇಲುಗೈ ಪಡೆದಿದ್ದ ಆ ಸೀಮೆಯಲ್ಲಿ, ಕನ್ನಡದಲ್ಲಿ ಬರೆಯುವುದು ಲಾಭದ ಕೆಲಸವಾಗಿರಲಿಲ್ಲ. ಲಾಭವಿಲ್ಲದಿದ್ದರೂ ಮಾಡತಕ್ಕ ಕೆಲಸವೊಂದುಂಟೆಂಬುದನ್ನು ಬಾಲಕನು ಉಪದೇಶದಿಂದ ತಿಳಿಯಲಿಲ್ಲ. ದೀಪದ ಮುಂದೆ ಬರೆಯುತ್ತ ಕುಳಿತ ತಂದೆಯನ್ನು ನೋಡಿ ತಿಳಿದನೆಂದರೆ ತಪ್ಪಾಗಲಾರದು. ಮಕ್ಕಳಿಗೆ ಮನೆಯೇ ಮೊದಲನೆಯ ಸಂಗವು.

ಧಾರವಾಡದ ವಿದ್ಯಾಭ್ಯಾಸವು ಮುಗಿದ ಮೇಲೆ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ದೊರೆತ ನಿಜವಾದ ಪಾಠವು ಕಾಲೇಜಿನ ಹೊರಗಿನದು. ಗುಜರಾತಿಗಳೂ ಮಹಾರಾಷ್ಟ್ರೀಯರೂ ತಮ್ಮ ತಮ್ಮ ಭಾಷೆಯಲ್ಲಿ ಇಟ್ಟಿದ್ದ ಅಭಿಮಾನವನ್ನು, ತಮ್ಮ ಪತ್ರಿಕೆಗಳನ್ನೂ ಗ್ರಂಥಗಳನ್ನೂ ಅವರು ಪೋಷಿಸುತ್ತಿದ್ದ ಬಗೆಯನ್ನು ಈ ತರುಣರು ದಿನವೂ ಕಂಡರು. ಅದನ್ನು ಕಂಡು ಅಸೂಯೆಪಡಲಿಲ್ಲ. ನಮ್ಮವರಲ್ಲಿ ಇದೇಕಿಲ್ಲವೆಂದು ನಾಚಿದರು. ಅದೇ ಜುಲೈ ತಿಂಗಳಲ್ಲಿ ಹತ್ತು ದಿವಸಗಳ ಅಂತರದಿಂದ ಜನಿಸಿದ ಆಲೂರು ವೆಂಕಟರಾಯರು ಕೂಡ ಇವರಂತೆಯೇ ಕಾನೂನನ್ನು ಓದಿ, ವಕೀಲಿಯಲ್ಲಿ ನಿಲ್ಲದೆ ಕನ್ನಡನಾಡಿನ ಏಕೀಕರಣಕ್ಕೆ ಬಾಳನ್ನು ಮುಡಿಪಾಗಿಟ್ಟರು. ಆ ತಲೆಮಾರಿನ ತರುಣರಲ್ಲಿ ಒಬ್ಬರ ಕಿಡಿಯು ಇನ್ನೊಬ್ಬರಿಗೆ ತಗಲುತ್ತಿತ್ತು. ಮುಂಬಯಿಯು ಧನಕ್ಕಾಗಿ ಹೋದವರಿಗೆ ಧನದ ಸಂಗವನ್ನೂ, ಅಭಿಮಾನವನ್ನು ಅರಸಿದವರಿಗೆ ಅಭಿಮಾನದ ಸಂಗವನ್ನೂ ಕೊಡುವ ನಗರವು. ಹಳಕಟ್ಟಿಯವರು ಎರಡನೆಯದನ್ನು ಆರಿಸಿಕೊಂಡರು.

1904ರಲ್ಲಿ ಕಾನೂನು ಪದವೀಧರರಾಗಿ ಮೊದಲು ಬೆಳಗಾವಿಯಲ್ಲಿ, ಬಳಿಕ ವಿಜಾಪುರದಲ್ಲಿ ಅವರು ವಕೀಲಿಯನ್ನು ಕೈಗೊಂಡರು. ಇಂದು ವಿಜಯಪುರವೆನಿಸಿರುವ ಆ ಊರು ಬರಗಾಲಕ್ಕೆ ತವರಾದ ಜಿಲ್ಲೆಯ ಮುಖ್ಯಸ್ಥಾನವು. ಅಲ್ಲಿ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವನ್ನೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸುವುದರಲ್ಲಿ ಅಗ್ರಗಣ್ಯರಾದರು. ಈ ಎರಡು ಕಾರ್ಯಗಳಲ್ಲಿಯೂ ಸಂಗದ ತತ್ತ್ವವೇ ಅಡಗಿದೆ. ಒಬ್ಬನೇ ಹುಡುಗನು ಮನೆಯಲ್ಲಿ ಕುಳಿತು ಓದಲಾರನು. ಓದುವ ಹತ್ತು ಹುಡುಗರ ನಡುವೆ ಕುಳ್ಳಿರಿಸಿದರೆ ಓದುವನು. ಒಬ್ಬನೇ ಒಕ್ಕಲಿಗನು ಹಣವನ್ನು ಕೂಡಿಡಲಾರನು. ನೆರೆಹೊರೆಯವರು ಒಬ್ಬರಿಗೊಬ್ಬರು ಜಾಮೀನು ನಿಂತು ಕೂಡಿಟ್ಟರೆ ಅವನೂ ಕೂಡಿಡುವನು, ತೆಗೆದುಕೊಂಡ ಸಾಲವನ್ನು ತೀರಿಸುವನು. ನಾಲ್ವರ ಮುಂದೆ ಕೊಟ್ಟ ಮಾತನ್ನು ತಪ್ಪುವುದು ಕಷ್ಟವು.

ಆದರೆ ಅವರ ಬಾಳಿನ ಮಹಾಕಾರ್ಯವು ಬೇರೊಂದು ಕಡೆಯಿಂದ ಬಂದಿತು. ರಬಕವಿಯ ಮಂಚಾಲೆ ಶಿವಲಿಂಗಪ್ಪನವರ ಮನೆಯಲ್ಲಿದ್ದ ತಾಡವೋಲೆಯ ಗ್ರಂಥಗಳು ಅವರ ಕಣ್ಣಿಗೆ ಬಿದ್ದವು. ಅದುವರೆಗೆ ವಚನಗಳ ವಿಸ್ತಾರವು ಎಷ್ಟೆಂಬುದು ವಿದ್ಯಾವಂತರಿಗೆ ತಿಳಿದಿರಲಿಲ್ಲ. ಆ ಓಲೆಗಳನ್ನು ಬಿಚ್ಚಿ ಓದಿದ ಮೇಲೆ, ಇಂತಹ ಸಂಪತ್ತು ಗೆದ್ದಲ ಪಾಲಾಗುತ್ತಿದೆಯಲ್ಲಾ ಎಂಬ ವ್ಯಥೆಯು ಅವರನ್ನು ಎಂದಿಗೂ ಬಿಡಲಿಲ್ಲ. ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇಂತಹ ಕಟ್ಟುಗಳು ಬಹಳವಿದ್ದವು. ಅವುಗಳಿಗೆ ವಿಭೂತಿ ಪತ್ರಿಗಳ ಪೂಜೆಯು ಸಲ್ಲುತ್ತಿತ್ತು, ಓದು ಸಲ್ಲುತ್ತಿರಲಿಲ್ಲ. ಪೂಜಿಸುವವರ ನಡುವೆ ಇದ್ದವನು ಪೂಜಿಸುವುದನ್ನು ಕಲಿಯುತ್ತಾನೆ. ಓದುವವರ ನಡುವೆ ಇದ್ದವನು ಓದುವುದನ್ನು ಕಲಿಯುತ್ತಾನೆ. ಹಳಕಟ್ಟಿಯವರು ಊರೂರಿಗೆ ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು, ಕಟ್ಟುಗಳನ್ನು ಬೇಡಿ ತಂದು ಪ್ರತಿಮಾಡಿದರು. ಬೇಡಿದವರ ಶ್ರಮವನ್ನು ಲೋಕವು ನೆನೆಯುತ್ತದೆ. ತಲೆತಲಾಂತರದಿಂದ ಕಾಪಾಡಿಕೊಂಡು ಬಂದುದನ್ನು ನಂಬಿಕೆಯಿಟ್ಟು ಅವರ ಕೈಗೆ ಕೊಟ್ಟ ಮನೆತನಗಳನ್ನು ನೆನೆಯುವವರು ವಿರಳ. ಆ ಕೈಗಳು ಮುಚ್ಚಿಕೊಂಡಿದ್ದರೆ ಎಂತಹ ಸಂಕಲ್ಪವಾದರೂ ಬಾಡಿಹೋಗುತ್ತಿತ್ತು.

ಹೀಗೆ ವರ್ಷಗಟ್ಟಲೆ ಸಂಗ್ರಹಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚಿಗಾಗಿ ಮಂಗಳೂರಿಗೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ದುರ್ಬಲ ಸಂಕಲ್ಪವು ಮುರಿದುಬೀಳುವುದು ಇಂತಹ ಸ್ಥಳದಲ್ಲಿಯೇ. ಆದರೆ ಬೆಳಗಾವಿಯಲ್ಲಿ ಆ ಕೆಲಸವನ್ನು ವಹಿಸಿಕೊಳ್ಳುವವರು ದೊರೆತು, 1923ರಲ್ಲಿ ಗ್ರಂಥವು ಹೊರಬಿದ್ದಿತು. ಕನ್ನಡಿಗರು ತಮ್ಮ ಮನೆಯಲ್ಲಿಯೇ ಹೂತಿಟ್ಟಿದ್ದ ನಿಧಿಯನ್ನು ಮೊದಲ ಬಾರಿಗೆ ತೆರೆದ ಬೆಳಕಿನಲ್ಲಿ ಕಂಡರು. ಮುಂದೆ ಈ ಗ್ರಂಥದ ಇನ್ನೆರಡು ಭಾಗಗಳೂ, ಶೂನ್ಯಸಂಪಾದನೆಯೂ, ಹರಿಹರನ ರಗಳೆಗಳೂ ಅವರ ಸಂಪಾದಕತ್ವದಲ್ಲಿ ಬೆಳಕನ್ನು ಕಂಡವು.

ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯವು ಸಾಗದೆಂದು ಅರಿತ ಅವರು 1925ರಲ್ಲಿ ತಾವು ವಾಸಿಸುತ್ತಿದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಮನೆಯನ್ನು ಮಾರುವ ಪತ್ರಕ್ಕೆ ಯಜಮಾನನ ರುಜುವೊಂದೇ ಸಾಕಾಗಬಹುದು. ಮನೆಯಿಲ್ಲದ ಸಂಸಾರವನ್ನು ನಡೆಯಿಸುವುದಕ್ಕೆ ಗೃಹಿಣಿಯ ಧೈರ್ಯವು ಬೇಕು. ಪತ್ನಿ ಭಾಗೀರಥೀದೇವಿಯವರು ಅಡ್ಡಿಯಾಗಿ ನಿಂತಿದ್ದರೆ ಇಂದು ನಾವು ನಿತ್ಯವೂ ಪಾರಾಯಣ ಮಾಡುವ ಎಷ್ಟೋ ವಚನಗಳು ನಮ್ಮ ನಾಲಿಗೆಗೆ ಬರುತ್ತಿದ್ದವೋ ಇಲ್ಲವೋ ಶಿವನೇ ಬಲ್ಲನು. ಪೇಟೆಯಲ್ಲಿ ಮಾನವಂತ ವಕೀಲರೆನಿಸಿದವರ ಮನೆಯಲ್ಲಿ ಬಡತನವು ನೆಲೆಯೂರಿತು. ಸರಕಾರವು ರಾವಸಾಹೇಬ, ರಾವಬಹಾದ್ದೂರ ಎಂಬ ಬಿರುದುಗಳನ್ನು ಕೊಟ್ಟಿತು. ಮೈಮೇಲಿನ ಕೋಟು ಮಾತ್ರ ಹಳೆಯದಾಗಿಯೇ ಉಳಿಯಿತು. ಈ ಬಡತನವನ್ನು ಹಂಚಿಕೊಂಡ ಕುಟುಂಬಕ್ಕೆ ಯಾರೂ ಬಿರುದನ್ನು ಕೊಡಲಿಲ್ಲ.

1926ರಲ್ಲಿ ಅವರು ‘ಶಿವಾನುಭವ’ ಪತ್ರಿಕೆಯನ್ನೂ, 1927ರಲ್ಲಿ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಆರಂಭಿಸಿದರು. ಆ 1926ನೆಯ ವರ್ಷವೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕು ನಡೆಯಿತೆಂಬುದನ್ನು ಕೇಳಿ ನಾವು ಬೆರಗಾಗುತ್ತೇವೆ. ಈ ನಿರಂತರತೆಯ ಗುಟ್ಟಿನಲ್ಲಿಯೂ ಸಂಗದ ಬಲವನ್ನು ಕಾಣಬಹುದು. ಗ್ರಂಥವನ್ನು ಬರೆಯುವವನು ಈ ವರ್ಷವಲ್ಲದಿದ್ದರೆ ಮುಂದಿನ ವರ್ಷವೆಂದು ತಡೆಯಬಹುದು. ಪತ್ರಿಕೆಯನ್ನು ನಡೆಯಿಸುವವನಿಗೆ ಆ ಸವಲತ್ತಿಲ್ಲ. ಮುಂದಿನ ಸಂಚಿಕೆಗಾಗಿ ಚಂದಾದಾರರು ಕಾದಿರುತ್ತಾರೆ. ಮೊಳೆ ಜೋಡಿಸುವವರು ಕರಡಿಗಾಗಿ ಕೇಳುತ್ತಾರೆ. ಚಂದಾದಾರರು ಅಲ್ಪಸಂಖ್ಯಾತರಾಗಿರಲಿ, ಕೆಲವರು ಹಣವನ್ನು ತಡಮಾಡಿ ಕಳುಹಿಸುವವರಾಗಿರಲಿ, ಎಲ್ಲಿಯೋ ಒಂದು ಹಳ್ಳಿಯ ಮಠದಲ್ಲಿ ಒಬ್ಬನು ಓದುವುದಕ್ಕೆ ಕಾದಿರುವನೆಂಬ ಅರಿವೇ ದಣಿದ ಕೈಗೆ ಬಲವನ್ನು ಕೊಡುತ್ತದೆ. ಕಣ್ಣಿಗೆ ಕಾಣದ ಆ ಓದುಗನೂ ಸತ್ಸಂಗವೇ.

ಸಂಗವೆಂಬುದು ಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಹೌದು. ಮುಂಬಯಿಯಲ್ಲಿ ಪರರ ಅಭಿಮಾನವನ್ನು ಕಂಡು ಎಚ್ಚತ್ತ ಅವರು, ಕಾಲಾಂತರದಲ್ಲಿ ಪರರನ್ನು ಎಚ್ಚರಿಸುವವರಾದರು. ಶಿ. ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದರು. ಕ್ರೈಸ್ತಮತದ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ಪದ್ಯಗಳನ್ನು ಕೂಡಿಸಿದುದಲ್ಲದೆ ವಚನಸಾಹಿತ್ಯದಲ್ಲಿಯೂ ಶ್ರದ್ಧೆಯಿಂದ ದುಡಿದರು. ವಿದ್ವಾಂಸರ ಪರಂಪರೆಯೇ ಬೆಳೆದು ವಚನಗಳ ಅಧ್ಯಯನವು ವಿಶ್ವವಿದ್ಯಾಲಯಗಳನ್ನು ಮುಟ್ಟಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. 1964ನೆಯ ಜೂನ್ 29ರಂದು, ಎಂಬತ್ತನಾಲ್ಕು ವರ್ಷಗಳು ತುಂಬುವುದಕ್ಕೆ ಮೂರೇ ದಿವಸಗಳಿರುವಾಗ, ಆ ಮಹನೀಯರು ಲಿಂಗೈಕ್ಯರಾದರು. ಅವರು ನೆಟ್ಟ ವಿದ್ಯಾವರ್ಧಕ ಸಂಘವು ಇಂದು ಬೃಹದ್ವೃಕ್ಷವಾಗಿದೆ. ಅದರ ಇಂಜಿನಿಯರಿಂಗ್ ಕಾಲೇಜೊಂದು ಅವರ ಹೆಸರನ್ನೇ ಹೊತ್ತಿದೆ.

ಭಕ್ತಮಹಾಶಯರೆ, ಈ ಚರಿತ್ರೆಯನ್ನು ಓದಿ ನಾವು ಹಳಕಟ್ಟಿಯವರಂತೆ ಆಗಬೇಕೆಂದು ಬಯಸುವುದು ಸಹಜವು. ಆದರೆ ಅಂತಹ ಸಂಕಲ್ಪವನ್ನು ಹೊತ್ತವರು ತಲೆಮಾರಿಗೊಬ್ಬರು. ಉಳಿದ ನಮಗೆ ಇನ್ನೊಂದು ಪದವಿಯುಂಟು, ಅದು ಕಿರಿದಲ್ಲ. ಬರೆಯುವ ತಂದೆಯಾಗುವುದು, ಓಲೆಯ ಕಟ್ಟನ್ನು ಬಿಚ್ಚಿಕೊಡುವ ಮನೆಯಾಗುವುದು, ಹಿಂದಿರುಗಿ ಬಂದ ಕೆಲಸವನ್ನು ಕೈಗೆತ್ತಿಕೊಳ್ಳುವ ಮುದ್ರಕನಾಗುವುದು, ಬಡತನವನ್ನು ಹಂಚಿಕೊಳ್ಳುವ ಸತಿಯಾಗುವುದು, ಚಂದಾಹಣವನ್ನು ತಡಮಾಡದೆ ಕಳುಹಿಸುವ ಓದುಗನಾಗುವುದು ನಮ್ಮೆಲ್ಲರ ಕೈಯಲ್ಲಿದೆ. ನಮ್ಮ ಮನೆಯ ಮಗುವೋ, ನೆರೆಯವನೋ, ಪಾಠಶಾಲೆಯ ಬಡ ವಟುವೋ ಒಂದು ಒಳ್ಳೆಯ ನೇಮವನ್ನು ಹಿಡಿದಾಗ, ಅದು ನಿಲ್ಲುವುದೂ ಬೀಳುವುದೂ ಅರ್ಧದಷ್ಟು ನಮ್ಮ ಮೇಲಿದೆ. ನಗೆಯಾಡಿದರೆ ಬೀಳುವುದು, ಪಕ್ಕದಲ್ಲಿ ಕುಳಿತರೆ ನಿಲ್ಲುವುದು. ಮಠವೆಂಬುದು ಕಲ್ಲುಗೋಡೆಗಳ ಕಟ್ಟಡವಲ್ಲ. ಒಬ್ಬರ ನೇಮವನ್ನು ಇನ್ನೊಬ್ಬರು ಕಾಯುವವರ ಕೂಟವು. ಈ ಮಹೋತ್ಸವದ ಸಮಯದಲ್ಲಿ ಶ್ರೀಮಠದ ಸದ್ಭಕ್ತರೆಲ್ಲರೂ ತಮ್ಮ ತಮ್ಮ ಸಂಕಲ್ಪಗಳ ಜೊತೆಗೆ ಇನ್ನೊಬ್ಬರ ಸಂಕಲ್ಪವೊಂದನ್ನೂ ಕಾಯುವ ವ್ರತವನ್ನು ತೊಡಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.

ಶರಣು ಶರಣಾರ್ಥಿ. ಇತಿ ಶಿವಮ್.